ಸಾರ್ವಜನಿಕ ಆಕಾಶ ವೀಕ್ಷಣೆಗೆ ಸೆಕೆಂಡ್ ಹ್ಯಾಂಡ್ ಟೆಲಿಸ್ಕೋಪ್: ಈ ಮೂರರಲ್ಲಿ ಯಾವುದು?

ಘಟ್ಟದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ವಿಜ್ಞಾನ ಶಿಕ್ಷಕನಾಗಿದ್ದು ನಿವೃತ್ತನಾದವನು. 2025ರ ಸೆಪ್ಟೆಂಬರ್ 7ರ ರಾತ್ರಿ ಪೂರ್ಣ ಚಂದ್ರಗ್ರಹಣ ತೋರಿಸೋಣವೆಂದು ಶಾಲೆಯ ಮೈದಾನದಲ್ಲಿ ಊರವರನ್ನು ಸೇರಿಸಿದ್ದೆವು. ನಮ್ಮ ಬಳಿ ಇದ್ದುದು ಒಂದೇ ಒಂದು ಬೈನಾಕ್ಯುಲರ್. ಮೋಡ ಸರಿದಾಗಲೆಲ್ಲ ಅದು ಕೈಯಿಂದ ಕೈಗೆ ಹೋಗಿ, ಮಕ್ಕಳ ಸರದಿ ಬರುವ ಹೊತ್ತಿಗೆ ಮತ್ತೆ ಮೋಡ ಮುಚ್ಚಿಕೊಳ್ಳುತ್ತಿತ್ತು. ಅದಾದ ಮೇಲೆ ಊರಿನವರೇ ವಂತಿಗೆ ಎತ್ತಿದ್ದಾರೆ. 45,000 ರೂಪಾಯಿ ಕೂಡಿದೆ. ತಿಂಗಳಿಗೊಮ್ಮೆ, ಮಳೆಗಾಲ ಬಿಟ್ಟು, ನೂರು ಜನ ಬಂದರೂ ಎಲ್ಲರೂ ನೋಡಿಕೊಂಡು ಹೋಗುವಂಥ ಒಂದು ಟೆಲಿಸ್ಕೋಪ್ ಬೇಕು.

ಹೊಸದಕ್ಕೆ ಈ ಹಣ ಸಾಲದೆಂದು ಬಳಸಿದ್ದನ್ನೇ ಹುಡುಕಿದಾಗ ಮೂರು ಸಿಕ್ಕಿವೆ. ಬೆಂಗಳೂರಿನಲ್ಲಿ ಆರು ವರ್ಷ ಹಳೆಯ 8 ಇಂಚಿನ ಡಾಬ್ಸೋನಿಯನ್ (ಪೆಟ್ಟಿಗೆಯ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪ್) ಇದ್ದು, ಸಂಗಮದೂರ (ಕನ್ನಡಿಯಿಂದ ಬಿಂಬ ಮೂಡುವಲ್ಲಿಗಿರುವ ದೂರ) 1200 ಮಿ.ಮೀ., ಜೊತೆಗೆ ಕಣ್ಣಿಡುವ ಮಸೂರಗಳಾದ 25 ಮತ್ತು 10 ಮಿ.ಮೀ. ಐಪೀಸ್‌ಗಳಿವೆ; ಕೇಳುತ್ತಿರುವುದು 38,000 ರೂಪಾಯಿ. ಮೈಸೂರಿನಲ್ಲಿ 127 ಮಿ.ಮೀ. ಮ್ಯಾಕ್ಸುಟೋವ್ (ಮಸೂರ, ಕನ್ನಡಿ ಎರಡೂ ಇರುವ ಗಿಡ್ಡ ಕೊಳವೆಯ ಟೆಲಿಸ್ಕೋಪ್) ಇದೆ. ಗುಂಡಿ ಒತ್ತಿದರೆ ತಾನೇ ಗ್ರಹವನ್ನು ಹುಡುಕಿ ಹಿಂಬಾಲಿಸುವ ಗಣಕೀಕೃತ ಮೌಂಟ್ (ಸ್ಟ್ಯಾಂಡ್) ಅದಕ್ಕಿದೆ, 44,000 ರೂಪಾಯಿ. ಹುಬ್ಬಳ್ಳಿಯಲ್ಲಿ 114 ಮಿ.ಮೀ. ಪ್ರತಿಫಲಕವೊಂದು (ಕನ್ನಡಿ ಟೆಲಿಸ್ಕೋಪ್) 9,000ಕ್ಕೆ ಸಿಗುತ್ತದೆ. ಅದರ ಸಂಗಮದೂರ 1000 ಮಿ.ಮೀ. ಎಂದು ಬರೆದಿದ್ದರೂ ಕೊಳವೆ ಮಾತ್ರ ಅರ್ಧ ಮೀಟರಿನಷ್ಟೇ ಇದೆ. ಅಗ್ಗದ್ದನ್ನು ಕೊಂಡು ಉಳಿದ ಹಣವನ್ನು ಪುಸ್ತಕಗಳಿಗೆ ಬಳಸೋಣವೆಂದು ಸಮಿತಿಯಲ್ಲಿ ಕೆಲವರ ಅಭಿಪ್ರಾಯ. ತಿಳಿದವರು ದಯವಿಟ್ಟು ಹೇಳಬೇಕು.

ಕನ್ನಡಿ ತಿಕ್ಕುವವ, ಬೆಂಗಳೂರು

ಮೇಷ್ಟ್ರೇ, ಹುಬ್ಬಳ್ಳಿಯದನ್ನು ಮೊದಲು ಬದಿಗಿಡೋಣ. ಸಂಗಮದೂರ ಒಂದು ಮೀಟರ್ ಇದ್ದು ಕೊಳವೆ ಅರ್ಧ ಮೀಟರ್ ಇದೆ ಎಂದರೆ, ಐಪೀಸ್ ಕೂರುವ ಫೋಕಸರ್‌ನ ಒಳಗೆ ಸಣ್ಣ ಮಸೂರವೊಂದನ್ನು ಕೂರಿಸಿ ಸಂಗಮದೂರವನ್ನು ಹಿಗ್ಗಿಸಿದ್ದಾರೆ ಎಂದೇ ಅರ್ಥ. ಈ ಬೆಲೆಯ ಉಪಕರಣಗಳಲ್ಲಿ ಆ ಮಸೂರ ಸಾಧಾರಣದ್ದಾಗಿರುತ್ತದೆ. ಅದು ನಡುವೆ ಇರುವವರೆಗೆ ಎರಡು ಕನ್ನಡಿಗಳನ್ನು ಒಂದೇ ನೇರಕ್ಕೆ ತರುವ ಕೆಲಸ, ಅಂದರೆ ಕೊಲಿಮೇಶನ್, ಹೊಸಬರಿಗೆ ಹತ್ತುವುದೇ ಇಲ್ಲ. ಅದರ ಜೊತೆ ಬರುವ, ಆಕಾಶದ ತಿರುಗುವಿಕೆಯನ್ನು ಒಂದೇ ಅಕ್ಷದಲ್ಲಿ ಹಿಂಬಾಲಿಸುವ ಸಣ್ಣ ಈಕ್ವಟೋರಿಯಲ್ ಸ್ಟ್ಯಾಂಡ್ ಇನ್ನೊಂದು ತಲೆನೋವು. ಅದರ ಅಕ್ಷವನ್ನು ಊರಿನ ಅಕ್ಷಾಂಶಕ್ಕೆ ಸಮನಾಗಿ ಬಾಗಿಸಬೇಕು. ಶಿರಸಿಗೆ ಅದು 15 ಡಿಗ್ರಿಗಿಂತಲೂ ಕಡಿಮೆ. ಉತ್ತರದ ದೇಶಗಳವರಿಗೆಂದು ಮಾಡಿದ ಇಂಥ ಸ್ಟ್ಯಾಂಡುಗಳನ್ನು ಅಷ್ಟು ಕೆಳಗೆ ಬಾಗಿಸಿದರೆ ತೂಕದ ಸರಳು ಹೋಗಿ ಕಾಲಿಗೆ ತಗಲುತ್ತದೆ. 9,000 ರೂಪಾಯಿ ಉಳಿಯುವುದಿಲ್ಲ, ಅಟ್ಟ ಸೇರುತ್ತದೆ.

ನನ್ನ ಮತ 8 ಇಂಚಿನ ಡಾಬ್ಸೋನಿಯನ್ ಕಡೆಗೆ. ಅದರ 203 ಮಿ.ಮೀ. ಕನ್ನಡಿ 127 ಮಿ.ಮೀ. ಉಪಕರಣಕ್ಕಿಂತ ಎರಡೂವರೆ ಪಟ್ಟು ಬೆಳಕನ್ನು ಸಂಗ್ರಹಿಸುತ್ತದೆ. ಆದರೆ ನನ್ನ ಮುಖ್ಯ ಕಾರಣ ಅದಲ್ಲ. ಬಳಸಿದ ವಸ್ತುವನ್ನು ಕೊಳ್ಳುವಾಗ ಅದು ಕೆಟ್ಟರೆ ನಿಮ್ಮೂರಲ್ಲಿ ಯಾರು ಸರಿಮಾಡಬಲ್ಲರು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಡಾಬ್ಸೋನಿಯನ್ ಎಂದರೆ ಒಂದು ಕೊಳವೆ, ಎರಡು ಕನ್ನಡಿ, ಒಂದು ಮರದ ಪೆಟ್ಟಿಗೆ. ಪೆಟ್ಟಿಗೆ ಹಾಳಾದರೆ ಬಡಗಿ ಇದ್ದಾನೆ.

ನೋಡಲು ಹಗಲಿನಲ್ಲಿ ಹೋಗಬೇಡಿ, ಸಂಜೆ ಹೋಗಿ. ಕನ್ನಡಿಯ ಮೇಲೆ ಟಾರ್ಚ್ ಬಿಟ್ಟು ನೋಡಿ ಗಾಬರಿಯಾಗುವುದೂ ಬೇಡ. ಓರೆಯಾಗಿ ಬಿದ್ದ ಬೆಳಕಿನಲ್ಲಿ ಎಂಥ ಒಳ್ಳೆಯ ಕನ್ನಡಿಯೂ ಉಳುಮೆ ಮಾಡಿದ ಗದ್ದೆಯಂತೆಯೇ ಕಾಣುತ್ತದೆ. ಧೂಳು ಸಮಸ್ಯೆಯಲ್ಲ. ಸಮಸ್ಯೆ ಇರುವುದು ಅಲ್ಯೂಮಿನಿಯಂ ಲೇಪ ಸವೆದಿದ್ದರೆ. ಮಾರುವವರು ಒಪ್ಪಿದರೆ ಕನ್ನಡಿಯನ್ನು ಅದರ ತೊಟ್ಟಿಲ ಸಮೇತ ಹೊರತೆಗೆದು, ಹಿಂದಿನಿಂದ ಬೆಳಕು ಹಿಡಿದು ಮುಂದಿನಿಂದ ನೋಡಿ. ಅಲ್ಲೊಂದು ಇಲ್ಲೊಂದು ಸೂಜಿಮೊನೆಯಷ್ಟು ಬೆಳಕು ಕಂಡರೆ ಚಿಂತೆಯಿಲ್ಲ. ಅಂಚಿನುದ್ದಕ್ಕೂ ಜಾಲರಿಯಂತೆ ಕಂಡರೆ ಮರುಲೇಪ ಮಾಡಿಸಬೇಕಾಗುತ್ತದೆ. ಅದಕ್ಕೆ ನಿರ್ವಾತ ಕೋಣೆ ಬೇಕಾದ್ದರಿಂದ ಎಲ್ಲೆಂದರಲ್ಲಿ ಆಗುವ ಕೆಲಸವಲ್ಲ.

ಆಮೇಲೆ ಉಪಕರಣವನ್ನು ಮುಕ್ಕಾಲು ಗಂಟೆ ಹೊರಗಿಟ್ಟು, ಗಾಜು ರಾತ್ರಿಯ ಗಾಳಿಯ ತಂಪಿಗೆ ಇಳಿದ ಮೇಲೆ, ಮೇಲೆ ಬಂದಿರುವ ಯಾವುದಾದರೂ ಉಜ್ವಲ ನಕ್ಷತ್ರಕ್ಕೆ 10 ಮಿ.ಮೀ. ಐಪೀಸ್‌ನಲ್ಲಿ ಗುರಿಯಿಡಿ. ಫೋಕಸ್ ಸ್ವಲ್ಪ ಒಳಕ್ಕೆ, ಸ್ವಲ್ಪ ಹೊರಕ್ಕೆ ತಿರುಗಿಸಿದಾಗ ಚುಕ್ಕಿಯು ಒಂದರೊಳಗೊಂದು ಬಳೆಗಳಿಟ್ಟಂತೆ ಕಾಣಬೇಕು. ಎರಡು ಕಡೆಯೂ ಬಳೆಗಳು ದುಂಡಗಿದ್ದು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿದ್ದರೆ ಕನ್ನಡಿ ಒಳ್ಳೆಯದು. ನಡುವಿನ ಕರಿ ನೆರಳು ಒಂದು ಬದಿಗೆ ವಾಲಿದ್ದರೆ ಅದು ಕೊಲಿಮೇಶನ್ ದೋಷ, ಸ್ಕ್ರೂ ತಿರುಗಿಸಿದರೆ ಸರಿಹೋಗುತ್ತದೆ. ಬಳೆ ಮೊಟ್ಟೆಯಾಕಾರಕ್ಕೆ ಉದ್ದವಾಗಿ, ಫೋಕಸ್ ಆಚೆಗೆ ಹೋದಾಗ ಆ ಉದ್ದ ಅಡ್ಡಕ್ಕೆ ತಿರುಗಿದರೆ ಗಾಜಿನಲ್ಲೇ ದೋಷವಿರುವ ಸಂಭವ ಹೆಚ್ಚು. ನಮಸ್ಕಾರ ಹೇಳಿ ಬಸ್ ಹತ್ತಿ. ನಾನು ಪುಣೆಯ ಖಗೋಳವಿಜ್ಞಾನ ಸಂಸ್ಥೆ ಅಯುಕಾದ ಕಾರ್ಯಾಗಾರದಲ್ಲಿ 6 ಇಂಚಿನ ಗಾಜನ್ನು ಕೈಯಾರೆ ತಿಕ್ಕಿ ಕನ್ನಡಿ ಮಾಡಿದವನು. ಆ ಬಳೆಗಳು ದುಂಡಗಾಗಲು ಎಷ್ಟು ಬೆವರು ಸುರಿಯಬೇಕು ಎಂಬುದು ನನಗೆ ಗೊತ್ತು.

ಮೈಸೂರು ಮಿಥುನ

ನಾನು ಮೇಷ್ಟ್ರು ಹೇಳಿದ ಮಾರಾಟಗಾರನಲ್ಲ, ಆದರೆ ಅಂಥದ್ದೇ ಗಣಕೀಕೃತ ಉಪಕರಣವನ್ನು ಐದು ವರ್ಷದಿಂದ ಶಾಲೆಗಳಿಗೆ ಕೊಂಡೊಯ್ಯುತ್ತಿರುವುದರಿಂದ ಅದರ ಪರವಾಗಿ ಒಂದು ಮಾತು ಹೇಳಲೇಬೇಕು. ಮೇಲಿನ ಉತ್ತರವು ಒಬ್ಬನೇ ನೋಡುವವನ ದೃಷ್ಟಿಯಿಂದ ಬರೆದದ್ದು. ಸಾರ್ವಜನಿಕ ವೀಕ್ಷಣೆಯಲ್ಲಿ ನೋಡುವವರು ನೂರು ಜನ.

ಒಂದು ಲೆಕ್ಕ ಹೇಳುತ್ತೇನೆ. 1200 ಮಿ.ಮೀ. ಸಂಗಮದೂರಕ್ಕೆ 10 ಮಿ.ಮೀ. ಐಪೀಸ್ ಹಾಕಿದರೆ 120 ಪಟ್ಟು ವರ್ಧನೆ. ಐಪೀಸ್‌ನ ನೋಟದ ಹರವು 50 ಡಿಗ್ರಿ ಇದ್ದರೆ ಆಕಾಶದಲ್ಲಿ ಕಾಣುವ ತುಂಡು ಅರ್ಧ ಡಿಗ್ರಿಗೂ ಕಡಿಮೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಗುರುಗ್ರಹ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಜಾರಲು ಹಿಡಿಯುವುದು ಸುಮಾರು 100 ಸೆಕೆಂಡು. ಒಬ್ಬೊಬ್ಬರು 20 ಸೆಕೆಂಡು ನೋಡಿದರೂ ನಾಲ್ಕೈದು ಜನಕ್ಕೊಮ್ಮೆ ನೀವು ಬಗ್ಗಿ ಗುರುವನ್ನು ಮತ್ತೆ ನಡುವಿಗೆ ತರಬೇಕು. ಆರನೆಯವರು ‘ಏನೂ ಕಾಣ್ತಿಲ್ವಲ್ಲ’ ಎನ್ನುತ್ತಾರೆ; ಏಳನೆಯವರು ಏನೂ ಕಾಣದಿದ್ದರೂ ಸಂಕೋಚಕ್ಕೆ ‘ಕಂಡಿತು, ಚೆನ್ನಾಗಿದೆ’ ಎಂದು ಹೊರಟುಹೋಗುತ್ತಾರೆ. ಹಿಂಬಾಲಿಸುವ ಮೌಂಟ್ ಇದ್ದರೆ ಈ ಪಾಡಿಲ್ಲ. ನೀವು ಜನರ ಜೊತೆ ಮಾತಾಡಬಹುದು.

ಆದರೆ ನ್ಯಾಯವಾಗಿ ಇದನ್ನೂ ಹೇಳಬೇಕು. ಮೂರನೆಯ ವರ್ಷ ನನ್ನ ಟೆಲಿಸ್ಕೋಪನ್ನು ನಡೆಸುವ ಹ್ಯಾಂಡ್‌ಸೆಟ್‌ನ ಪರದೆ ಸತ್ತುಹೋಯಿತು, ಬದಲಿ ಬರಲು ಒಂದು ಚಳಿಗಾಲವೇ ಕಳೆಯಿತು. ಎಂಟು ಪೆನ್‌ಟಾರ್ಚ್ ಸೆಲ್‌ಗಳು ಒಂದು ಸಂಜೆಗೆ ಸಾಲವು. ಈಗ 12 ವೋಲ್ಟ್ ಬ್ಯಾಟರಿ ಹೊತ್ತೊಯ್ಯುತ್ತೇನೆ. ಕತ್ತಲಲ್ಲಿ ಯಾರಾದರೂ ಕಾಲೆಡವಿ ಸ್ಟ್ಯಾಂಡನ್ನು ಅರ್ಧ ಅಂಗುಲ ಸರಿಸಿದರೂ ಉಪಕರಣಕ್ಕೆ ದಿಕ್ಕು ತಿಳಿಸುವ ಎರಡು ನಕ್ಷತ್ರಗಳ ಜೋಡಣೆಯನ್ನು ಮೊದಲಿನಿಂದ ಮಾಡಬೇಕು. 44,000 ಕೊಟ್ಟ ಮೇಲೆ ನಿಮ್ಮಲ್ಲಿ ಉಳಿಯುವುದು 1,000 ರೂಪಾಯಿ. ರಿಪೇರಿಯ ಪ್ರಶ್ನೆಯಲ್ಲಿ ಬೆಂಗಳೂರಿನವರ ಮಾತನ್ನು ಅಲ್ಲಗಳೆಯಲಾರೆ.

ಕನ್ನಡಿ ತಿಕ್ಕುವವ, ಬೆಂಗಳೂರು

100 ಸೆಕೆಂಡಿನ ಲೆಕ್ಕ ಸರಿಯಾಗಿದೆ, ಒಪ್ಪುತ್ತೇನೆ. ಆದರೆ ನೂರು ಜನರಿಗೆ 120 ಪಟ್ಟು ತೋರಿಸುವ ಹಟ ಯಾಕೆ? 25 ಮಿ.ಮೀ. ಐಪೀಸ್‌ನಲ್ಲಿ 48 ಪಟ್ಟು ವರ್ಧನೆ ಸಿಗುತ್ತದೆ, ನೋಟದ ಹರವು ಒಂದು ಡಿಗ್ರಿ, ಜಾರಲು ನಾಲ್ಕು ನಿಮಿಷ. ಗುರುವಿನ ನಾಲ್ಕು ಚಂದ್ರರೂ ಎರಡು ಪಟ್ಟೆಗಳೂ 48 ಪಟ್ಟಿನಲ್ಲೇ ಕಾಣುತ್ತವೆ, ಇಡೀ ಚಂದ್ರಬಿಂಬ ಹಿಡಿಯುತ್ತದೆ. ಗುರುವನ್ನು ನಡುವಿನಲ್ಲಿಡದೆ ಅದು ಒಳಬರುವ ಅಂಚಿಗೆ ಇಟ್ಟುಬಿಟ್ಟರೆ ಹತ್ತು ಹನ್ನೆರಡು ಜನ ನೆಮ್ಮದಿಯಿಂದ ನೋಡುತ್ತಾರೆ. ಜೊತೆಗೆ, ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಹತ್ತು ನಿಮಿಷ ಕಲಿಸಿದರೆ ಅವಳೇ ಕೊಳವೆಯನ್ನು ಸರಿಸಿಕೊಡುತ್ತಾಳೆ. ಭೂಮಿ ತಿರುಗುತ್ತಿದೆ ಎಂಬುದನ್ನು ಅವಳಿಗೆ ಬೇರೆ ಹೇಳಿಕೊಡಬೇಕಾಗಿಲ್ಲ.

ಕರಾವಳಿಯ ಕೃತ್ತಿಕೆ, ಉಡುಪಿ

ಮೇಷ್ಟ್ರಿಗೆ ನಮಸ್ಕಾರ. ಯಾವುದನ್ನು ಕೊಂಡರೂ ನಿಮ್ಮ ಶತ್ರು ತೇವ. ನಮ್ಮಲ್ಲಿ ಒಂದು ಮಳೆಗಾಲ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಐಪೀಸ್ ದೀಪಾವಳಿಗೆ ತೆಗೆದಾಗ ಗಾಜಿನೊಳಗೆ ಜೇಡನ ಬಲೆಯಂತೆ ಬೂಷ್ಟು ಹಬ್ಬಿತ್ತು, ಉಜ್ಜಿದರೂ ಹೋಗಲಿಲ್ಲ. ಕೊಳ್ಳುವ ಮುನ್ನ ಪ್ರತಿಯೊಂದು ಐಪೀಸ್ಅನ್ನೂ ಬಿಳಿ ದೀಪದ ಎದುರು ಹಿಡಿದು ನೋಡಿ. ಮಲೆನಾಡಿನ ಮಳೆಯಲ್ಲಿ ಅವುಗಳನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಹರಳಿನ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಬಳಸಿ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ತರಬೇಡಿ.

ಡಾಬ್ಸೋನಿಯನ್‌ನ ಪೆಟ್ಟಿಗೆ ಸಾಮಾನ್ಯವಾಗಿ ಪಾರ್ಟಿಕಲ್ ಬೋರ್ಡಿನದು. ನೀರು ಕುಡಿದರೆ ಅದು ನೆನೆದ ರಸ್ಕಿನಂತೆ ಉಬ್ಬುತ್ತದೆ. ತಳದ ಹಲಗೆಯ ಅಂಚನ್ನು ಬೆರಳಿನಿಂದ ಸವರಿ ನೋಡಿ, ಉಬ್ಬಿದ್ದರೆ ಬೆಲೆ ಇಳಿಸಲು ಅದೇ ನಿಮ್ಮ ಆಧಾರ. ಐಪೀಸ್‌ನಲ್ಲಿ ನೋಡುತ್ತ ಕೊಳವೆಯನ್ನು ಒಂದೇ ಬೆರಳಿನಿಂದ ದೂಡಿದರೆ ಜರ್ಕು ಹೊಡೆಯದೆ ಸರಿಯಬೇಕು, ಬಿಟ್ಟಲ್ಲಿ ನಿಲ್ಲಬೇಕು.

ಇನ್ನೊಂದನ್ನು ಗಂಭೀರವಾಗಿ ಹೇಳುತ್ತಿದ್ದೇನೆ. ಹಳೆಯ ಉಪಕರಣಗಳ ಜೊತೆ ಕೆಲವೊಮ್ಮೆ ಐಪೀಸ್‌ಗೆ ತಿರುಗಿಸಿ ಹಾಕುವ, ‘ಸನ್’ ಎಂದು ಬರೆದ ಕಪ್ಪು ಗಾಜಿನ ಸಣ್ಣ ಫಿಲ್ಟರ್ ಸಿಗುತ್ತದೆ. ಸಿಕ್ಕಿದರೆ ಅಲ್ಲೇ ಸುತ್ತಿಗೆಯಿಂದ ಒಡೆದುಹಾಕಿ. ಕನ್ನಡಿ ಒಟ್ಟುಗೂಡಿಸಿದ ಬಿಸಿಲೆಲ್ಲ ಅದರ ಮೇಲೇ ಬೀಳುವುದರಿಂದ ಗಾಜು ಕಾದು ಸೀಳುತ್ತದೆ. ಆಗ ಅಲ್ಲಿ ಕಣ್ಣಿಟ್ಟಿರುವುದು ಯಾರದೋ ಮಗು. ಸೂರ್ಯನನ್ನು ತೋರಿಸುವುದಾದರೆ ಕೊಳವೆಯ ಮುಂಬಾಯಿಯನ್ನು ಪೂರ್ತಿ ಮುಚ್ಚುವ ಫಿಲ್ಟರ್ ಮಾತ್ರ ಬಳಸಬೇಕು, ಅದನ್ನೂ ಗಾಳಿಗೆ ಹಾರದಂತೆ ಟೇಪು ಸುತ್ತಿ ಕೂರಿಸಬೇಕು.

ಐಪೀಸ್‌ಗೆ ಹತ್ತುವ ಕಾಡಿಗೆಯ ಬಗ್ಗೆ ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಮೂವತ್ತು ಹೆಂಗಸರು ನೋಡಿದ ಮೇಲೆ ಗುರುಗ್ರಹ ಮಂಜು ಕವಿದಂತೆ ಕಾಣತೊಡಗುತ್ತದೆ. ಪಂಚೆಯ ಅಂಚಿನಿಂದಲೋ ಸೆರಗಿನಿಂದಲೋ ಒರೆಸಬೇಡಿ. ಮೊದಲು ರಬ್ಬರ್ ಬ್ಲೋವರ್‌ನಿಂದ ಧೂಳು ಊದಿ, ಲೆನ್ಸ್ ಕಾಗದಕ್ಕೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆಲ್ಲಗೆ ಒತ್ತಿ ತೆಗೆಯಿರಿ. ನಡುವೆ ಎರಡು ಸಲವಾದರೂ ಹೀಗೆ ಮಾಡಬೇಕಾಗುತ್ತದೆ.

ಘಟ್ಟದ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಹುಬ್ಬಳ್ಳಿಯದನ್ನು ಬಿಟ್ಟಿದ್ದೇವೆ. ಇನ್ನೊಂದು ಸಂದೇಹ ಉಳಿದಿದೆ. ನಮ್ಮ ಅಕ್ಷಾಂಶದಲ್ಲಿ ಗ್ರಹಗಳು ನೆತ್ತಿಯ ಸಮೀಪದಲ್ಲೇ ಹಾದುಹೋಗುತ್ತವೆ. ಈ 2025-26ರ ಚಳಿಗಾಲದಲ್ಲಿ ಮಿಥುನದಲ್ಲಿರುವ ಗುರುವಂತೂ ಬಹುತೇಕ ನಡುನೆತ್ತಿಗೇ ಬರುತ್ತದೆ. ಡಾಬ್ಸೋನಿಯನ್ಅನ್ನು ನೇರ ಮೇಲಕ್ಕೆ ತಿರುಗಿಸುವುದು ಕಷ್ಟವೆಂದು ಓದಿದ್ದೇನೆ. ಮಕ್ಕಳಿಗೂ ವಯಸ್ಸಾದವರಿಗೂ ಒಂದೇ ಉಪಕರಣದಿಂದ ತೋರಿಸುವುದು ಹೇಗೆ?

ಕೊಲ್ಲಿಯ ಕನ್ನಡಿಗ, ಕ್ಯಾಲಿಫೋರ್ನಿಯಾ

ಮೇಷ್ಟ್ರೇ, ನೀವು ಓದಿದ್ದು ನಿಜ. ನೆತ್ತಿಯ ಹತ್ತಿರ ಕೊಳವೆ ನೆಟ್ಟಗೆ ನಿಂತಾಗ ಅದನ್ನು ಪಕ್ಕಕ್ಕೆ ಸರಿಸಲು ಹಿಡಿತವೇ ಸಿಗದೆ ಇಡೀ ಪೆಟ್ಟಿಗೆಯನ್ನು ತಿರುಗಿಸಬೇಕಾಗುತ್ತದೆ. ಉಪಾಯ ಸರಳ: ಅಲ್ಲಿಗೆ ಹೋಗಬೇಡಿ. ಗುರು 2026ರ ಜನವರಿ 10ರಂದು ಸೂರ್ಯನಿಗೆ ಎದುರಾಗಿರುತ್ತದೆ. ಅಂದರೆ ಸಂಜೆ ಪೂರ್ವದಲ್ಲಿ ಮೂಡಿ ನಡುರಾತ್ರಿಗೆ ನೆತ್ತಿಗೆ ಬರುತ್ತದೆ. ನಿಮ್ಮ ಜನರೆಲ್ಲ ಒಂಬತ್ತೂವರೆಗೆ ಊಟಕ್ಕೆ ಎದ್ದಿರುತ್ತಾರೆ. ಏಳರಿಂದ ಒಂಬತ್ತರವರೆಗೆ ಗುರು ಇರುವ ಎತ್ತರದಲ್ಲಿ 8 ಇಂಚಿನ ಉಪಕರಣದ ಐಪೀಸ್ ನೆಲದಿಂದ ಮೂರೂವರೆ ಅಡಿಯ ಆಸುಪಾಸಿನಲ್ಲಿರುತ್ತದೆ. ದೊಡ್ಡವರು ಸ್ವಲ್ಪ ಬಗ್ಗಿದರೆ ಸಾಕು. ಮೊಣಕಾಲು ನೋವಿನವರಿಗೆ ಕುರ್ಚಿ, ಮೂರನೇ ತರಗತಿಯೊಳಗಿನವರಿಗೆ ಒಂದು ಗೇಣೆತ್ತರದ ಅಗಲವಾದ ಮಣೆ ಬೇಕು. ಮಣೆಯ ಪಕ್ಕದಲ್ಲಿ ಮಗುವಿಗೆ ಹಿಡಿದುಕೊಳ್ಳಲು ಬೇರೆ ಏನಾದರೂ ನಿಲ್ಲಿಸಿ. ಇಲ್ಲದಿದ್ದರೆ ಅದು ಟೆಲಿಸ್ಕೋಪಿಗೇ ಜೋತುಬೀಳುತ್ತದೆ.

ಈ ಉಪಕರಣ ಹುಟ್ಟಿದ್ದೇ ನಿಮ್ಮ ಕೆಲಸಕ್ಕಾಗಿ ಎಂಬುದನ್ನು ನೆನಪಿಸಲೇ? ಜಾನ್ ಡಾಬ್ಸನ್ ಇಲ್ಲಿನ ಸ್ಯಾನ್ ಫ್ರಾನ್ಸಿಸ್ಕೋದ ರಾಮಕೃಷ್ಣ ಪರಂಪರೆಯ ವೇದಾಂತ ಮಠವನ್ನು 1944ರಲ್ಲಿ ಸೇರಿದವರು. ಗುಜರಿಯ ದಪ್ಪ ಗಾಜನ್ನು ತಿಕ್ಕಿ ಕನ್ನಡಿ ಮಾಡಿ, ರಟ್ಟಿನ ಕೊಳವೆ, ಪ್ಲೈವುಡ್ ಪೆಟ್ಟಿಗೆ ಜೋಡಿಸಿ, ಗಾಲಿಯ ಮೇಲಿಟ್ಟು ಬೀದಿಗೆ ತಳ್ಳಿಕೊಂಡು ಹೋಗಿ ದಾರಿಹೋಕರಿಗೆ ಚಂದ್ರನನ್ನು ತೋರಿಸುತ್ತಿದ್ದರು. ಈ ಗೀಳಿನಿಂದಲೇ 1967ರಲ್ಲಿ ಮಠ ಬಿಡಬೇಕಾಯಿತು. ಮರುವರ್ಷ ಇಲ್ಲಿನ ಹುಡುಗರ ಜೊತೆ ಸೇರಿ ಕಾಲುದಾರಿಯ ಖಗೋಳವೀಕ್ಷಕರ ಸಂಘ ಕಟ್ಟಿದರು. ಪೆಟ್ಟಿಗೆಯ ವಿನ್ಯಾಸಕ್ಕೆ ಅವರು ಪೇಟೆಂಟ್ ತೆಗೆದುಕೊಳ್ಳಲಿಲ್ಲ. ನಾನೂ ಇಲ್ಲಿ ತಿಂಗಳಿಗೊಮ್ಮೆ ಅಂಗಡಿ ಬೀದಿಯಲ್ಲಿ ಅಂಥದ್ದೇ ಒಂದನ್ನು ನಿಲ್ಲಿಸುತ್ತೇನೆ. ಹುಣ್ಣಿಮೆಯಂದು ಮಾತ್ರ ನಿಲ್ಲಿಸುವುದಿಲ್ಲ, ಅಂದು ಚಂದ್ರ ನೆರಳಿಲ್ಲದೆ ಸುಣ್ಣ ಬಳಿದ ಗೋಡೆಯಂತಿರುತ್ತಾನೆ. ಶುಕ್ಲ ಪಂಚಮಿಯಿಂದ ದಶಮಿಯೊಳಗೆ ಯಾವ ದಿನವಾದರೂ ಸರಿ. ಬೇಸಿಗೆಯಲ್ಲಿ ಸಪ್ತರ್ಷಿ ಮೇಲೆ ಬಂದಾಗ ಅರುಂಧತಿ-ವಸಿಷ್ಠರನ್ನು ಮರೆಯಬೇಡಿ. ಮದುವೆಯ ದಿನ ನಡುಮಧ್ಯಾಹ್ನ ಪುರೋಹಿತರು ಕೈತೋರಿದ ಕಡೆ ನೋಡಿ ‘ಕಂಡಿತು’ ಎಂದವರೆಲ್ಲ ಈ ಸಲ ನಿಜವಾಗಿಯೂ ನೋಡಲಿ. ವಸಿಷ್ಠನೇ ಎರಡು ನಕ್ಷತ್ರವಾಗಿ ಒಡೆಯುವುದು 48 ಪಟ್ಟಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಘಟ್ಟದ ಮೇಷ್ಟ್ರು

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. 8 ಇಂಚಿನ ಡಾಬ್ಸೋನಿಯನ್ಅನ್ನೇ ತಂದೆವು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿದ್ದಾನೆ. ಅವನ ಕಾರಿನಲ್ಲಿ ಸಂಜೆ ಏಳಕ್ಕೆ ಮಾರುವವರ ಮನೆಯ ತಾರಸಿಗೆ ಹೋದೆವು. ಟೆಲಿಸ್ಕೋಪ್ ಬೆಡ್‌ಶೀಟ್ ಹೊದ್ದುಕೊಂಡು ಬಟ್ಟೆ ಒಣಗಿಸುವ ತಂತಿಯ ಕೆಳಗೆ ನಿಂತಿತ್ತು. ಮಗ ವಿದೇಶಕ್ಕೆ ಹೋದ ಮೇಲೆ ಎರಡು ವರ್ಷದಿಂದ ಯಾರೂ ಮುಟ್ಟಿಲ್ಲವೆಂದು ಅವರೇ ಹೇಳಿದರು. ತಳದ ಹಲಗೆಯನ್ನು ಸವರಿದೆ. ಉಡುಪಿಯ ಮೇಡಂ ಹೇಳಿದಂತೆಯೇ ಒಂದು ಬದಿ ಉಬ್ಬಿ ಪದರ ಬಿಟ್ಟುಕೊಂಡಿತ್ತು. ಕನ್ನಡಿಯ ಲೇಪದಲ್ಲಿ ಐದಾರು ಸೂಜಿಮೊನೆಗಳಷ್ಟೇ ಕಂಡವು. ಮುಕ್ಕಾಲು ಗಂಟೆ ಕಾದು ರೋಹಿಣಿಗೆ ಗುರಿಯಿಟ್ಟಾಗ ಬಳೆಗಳು ದುಂಡಗಿದ್ದರೂ ನೆರಳು ಪೂರ್ತಿ ಒಂದು ಮೂಲೆಗೆ ಸರಿದಿತ್ತು. ‘ಮೊದಲಿನಿಂದಲೂ ಸ್ವಲ್ಪ ಮಸುಕೇ’ ಎಂದು ಮನೆಯವರು ಅಂದರು. ನಡುವೆ ತೂತಿರುವ ಮುಚ್ಚಳವೊಂದನ್ನು ನಾನೇ ಮಾಡಿಕೊಂಡು ಹೋಗಿದ್ದೆ. ಅದನ್ನು ಫೋಕಸರ್‌ಗೆ ಹಾಕಿ, ವಿದ್ಯಾರ್ಥಿ ಹಿಂದಿನ ಸ್ಕ್ರೂಗಳನ್ನು ತಿರುಗಿಸುತ್ತ, ನಾನು ಎಡಕ್ಕೆ, ಬಲಕ್ಕೆ, ಸಾಕು ಎನ್ನುತ್ತ ಅರ್ಧ ಗಂಟೆ ಕಳೆದೆವು. ಆಮೇಲೆ ಗುರುವಿನ ಕಡೆ ತಿರುಗಿಸಿದಾಗ ಮನೆಯ ಯಜಮಾನರು ನೋಡಿ, ತುಸು ಹೊತ್ತು ಏನೂ ಹೇಳದೆ, ಹೆಂಡತಿಯನ್ನು ಕೆಳಗಿನಿಂದ ಕರೆದರು. ಇನ್ನು ಇವರು ಮಾರುವುದಿಲ್ಲ ಎಂದೇ ನನಗೆ ಭಯವಾಯಿತು. ಹಲಗೆಯ ದೋಷ ತೋರಿಸಿದ ಮೇಲೆ 33,000ಕ್ಕೆ ಕೊಟ್ಟರು. ಪೆಟ್ಟಿಗೆಯಲ್ಲಿ ಆ ಕಪ್ಪು ಸೂರ್ಯ ಫಿಲ್ಟರ್ ಇರಲಿಲ್ಲ. ಕೊಳವೆ ಹಿಂದಿನ ಸೀಟಿನಲ್ಲಿ ಅಡ್ಡಕ್ಕೆ ಮಲಗಿ ಬೆಲ್ಟ್ ಕಟ್ಟಿಕೊಂಡು ಶಿರಸಿಗೆ ಬಂತು.

ನಮ್ಮೂರಿನ ಬಡಗಿ ತಳದ ಹಲಗೆಯನ್ನು 18 ಮಿ.ಮೀ. ಮರೈನ್ ಪ್ಲೈವುಡ್‌ನಿಂದ ಹೊಸದಾಗಿ ಮಾಡಿ, ಹಳೆಯ ಟೆಫ್ಲಾನ್ ಬಿಲ್ಲೆಗಳನ್ನೇ ಕೂರಿಸಿ, ಅಂಚಿಗೆ ವಾರ್ನಿಷ್ ಹೊಡೆದುಕೊಟ್ಟ. ಎಲ್ಲ ಸೇರಿ 2,800 ರೂಪಾಯಿ. ಮಣೆಯನ್ನು ಉಳಿದ ತುಂಡಿನಲ್ಲಿ ಮಾಡಿದ, ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಮೊದಲ ವೀಕ್ಷಣೆ ಜನವರಿ 25ರ ರಥಸಪ್ತಮಿಯ ಸಂಜೆ. ನೋಂದಣಿ ಪುಸ್ತಕದಲ್ಲಿ 112 ಹೆಸರುಗಳಿವೆ. ಶನಿ ಪಶ್ಚಿಮದಲ್ಲಿ ಇಳಿಯುತ್ತಿದ್ದುದರಿಂದ ಅದನ್ನೇ ಮೊದಲು ತೋರಿಸಿದೆವು. 2025ರ ಮಾರ್ಚ್‌ನಲ್ಲಿ ಭೂಮಿ ಶನಿಯ ಉಂಗುರಗಳ ಸಮತಲವನ್ನು ದಾಟಿದ್ದರಿಂದ ಅವು ಆಗಿನ್ನೂ ನಮಗೆ ಅಂಚಿನಿಂದಲೇ, ತೆಳು ಗೆರೆಯಾಗಿ ಕಾಣುತ್ತಿದ್ದವು; ಚಿತ್ರದಲ್ಲಿರುವಂಥ ಬಳೆಯನ್ನು ನಿರೀಕ್ಷಿಸಿದ್ದ ಹುಡುಗರಿಗೆ ಸ್ವಲ್ಪ ನಿರಾಸೆಯಾಯಿತು. ಇಬ್ಬರು ಶನಿಯನ್ನು ನೋಡಲು ಒಪ್ಪದೆ ಸಾಲಿನಿಂದ ಹೊರಗೆ ನಿಂತು ಚಂದ್ರನಿಗಾಗಿ ಕಾದರು, ಒತ್ತಾಯಿಸಲಿಲ್ಲ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಮಾತ್ರ ಚಪ್ಪಲಿಯನ್ನು ದೂರದಲ್ಲಿ ಬಿಟ್ಟು ಬಂದು, ಕುರ್ಚಿಯಲ್ಲಿ ಕೂತು, ಸಾಕಷ್ಟು ಹೊತ್ತು ನೋಡಿ, ‘ಕಡ್ಡಿಗೆ ಮಣಿ ಪೋಣಿಸಿದ ಹಂಗಿದೆ’ ಎಂದರು. ನಾನು ಮೂವತ್ತು ವರ್ಷ ಪಾಠ ಮಾಡಿದ್ದರೂ ಆ ವರ್ಷದ ಶನಿಗೆ ಇಷ್ಟು ಸರಿಯಾದ ಮಾತು ನನಗೆ ಹೊಳೆಯುತ್ತಿರಲಿಲ್ಲ.

ಗುರುವಿಗೆ 25 ಮಿ.ಮೀ. ಐಪೀಸ್ ಒಂದನ್ನೇ ಬಳಸಿದೆವು. ಒಂಬತ್ತನೇ ತರಗತಿಯ ಹುಡುಗಿಯರು ಮೂವರು ಸರದಿಯಂತೆ ಕೊಳವೆಯನ್ನು ಸರಿಸಿಕೊಟ್ಟರು. ಎಲ್ಲ ಅಂದುಕೊಂಡಂತೆ ಆಗಲಿಲ್ಲ: ಒಂಬತ್ತರ ಹೊತ್ತಿಗೆ ಇಬ್ಬನಿ ಸುರಿದು ಕೊಳವೆಯ ಮೇಲೆ ನೀರು ಹರಿಯತೊಡಗಿತು, ಗುರಿ ಹಿಡಿಯುವ ಕೆಂಪು ಚುಕ್ಕಿಯ ಗಾಜು ಮಂಜಾಗಿ ಕೊನೆಯ ಅರ್ಧ ಗಂಟೆ ಅಂದಾಜಿನಲ್ಲೇ ಹುಡುಕಬೇಕಾಯಿತು, ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನೀಹಾರಿಕೆಯನ್ನು ನೋಡದೆ ಇಪ್ಪತ್ತು ಜನ ಹೋದರು. ಕೈಯಲ್ಲಿ 9,200 ರೂಪಾಯಿ ಉಳಿದಿದೆ. 32 ಮಿ.ಮೀ. ಐಪೀಸ್ ಕೊಳ್ಳಬೇಕೆಂದಿದ್ದೆ, ಈಗ ಇಬ್ಬನಿಯ ಪ್ರಶ್ನೆಯೇ ಮೊದಲೆನಿಸುತ್ತಿದೆ. ಘಟ್ಟದ ಮೇಲೆ ವೀಕ್ಷಣೆ ನಡೆಸುವವರು ಇದಕ್ಕೆ ಏನು ಮಾಡುತ್ತೀರಿ?

ಕರಾವಳಿಯ ಕೃತ್ತಿಕೆ, ಉಡುಪಿ

ಮೇಷ್ಟ್ರೇ, ಹಣ ಖರ್ಚು ಮಾಡುವ ಮುನ್ನ ಕಪ್ಪು ಫೋಮ್ ಹಾಳೆಯನ್ನು ಕೊಳವೆಯ ಬಾಯಿಗೆ ಒಂದಡಿ ಮುಂದೆ ಚಾಚುವಂತೆ ಸುತ್ತಿ ನೋಡಿ, ಒಳಗಿನ ಸಣ್ಣ ಕನ್ನಡಿ ಇಬ್ಬನಿಯಿಂದ ಉಳಿಯುತ್ತದೆ. ಕೆಂಪು ಚುಕ್ಕಿಯ ಗಾಜಿಗೂ ರಟ್ಟಿನ ಟೋಪಿಯೊಂದನ್ನು ಮಾಡಿ, ಗುರಿ ಹಿಡಿಯುವಾಗ ಮಾತ್ರ ತೆಗೆಯಿರಿ. ರಾತ್ರಿ ಮುಗಿದ ಮೇಲೆ ಒದ್ದೆ ಕೊಳವೆಗೆ ತಕ್ಷಣ ಮುಚ್ಚಳ ಹಾಕಿ ಪೆಟ್ಟಿಗೆಗೆ ಇಳಿಸಬೇಡಿ. ಕೋಣೆಯಲ್ಲಿ ಬಾಯಿ ಕೆಳಮುಖವಾಗಿ ಓರೆಯಾಗಿಟ್ಟು, ಬೆಳಿಗ್ಗೆ ಒಣಗಿದ ಮೇಲೆ ಮುಚ್ಚಿ. 32 ಮಿ.ಮೀ. ಐಪೀಸ್ಅನ್ನು ಧೈರ್ಯವಾಗಿ ಕೊಳ್ಳಿ, ಕೃತ್ತಿಕೆಗೆ ಅದೇ ಬೇಕು.